ಕಣ್ಣು ಕೂಡಿಸದ ಒಲವು

ದೇವರ ಮೂರ್ತಿ ಯಾರು ಕರೆದರೂ ಓಗೊಡುವುದಿಲ್ಲ. ಆದರೂ ಮುಂಬೈ ಆಸುಪಾಸಿನ ನೆರೂಲಿನ ಶನೀಶ್ವರ ಮಂದಿರದಲ್ಲೋ ಡೊಂಬಿವಲಿಯ ಗಣೇಶ ಮಂದಿರದಲ್ಲೋ ಕೈಮುಗಿದು ನಿಂತವರಿಗೆ ದೇವರಿಗೆ ತಮ್ಮ ಮೇಲೆ ಒಲವಿಲ್ಲವೆಂಬ ಅನುಮಾನ ಬರುವುದಿಲ್ಲ. ಬಲಗಡೆಯಿಂದ ಒಂದು ಹೂ ಜಾರಿದರೆ ನಮ್ಮವರಿಗೆ ಅದೇ ಪ್ರಸಾದ, ಅದೇ ಅಪ್ಪಣೆ. ಇದೇ ಜನ, ಆಟಿಸಂ ಇರುವ ಮಗು ಮುಖ ಕೊಟ್ಟು ನೋಡದಿದ್ದರೆ, ಅಮ್ಮಾ ಎನ್ನದಿದ್ದರೆ, ಅದಕ್ಕೆ ಯಾರೂ ಬೇಡ, ತನ್ನ ಲೋಕವೇ ತನಗೆ ಎಂದುಬಿಡುತ್ತಾರೆ. ಕಲ್ಲಿನ ಮೌನದಲ್ಲಿ ಒಲವನ್ನು ಓದಬಲ್ಲವರಿಗೆ ಮಗುವಿನ ಮೌನದಲ್ಲಿ ಅದು ಕಾಣದೆ ಹೋಗುವುದು ವಿಚಿತ್ರ.

ಆ ಮೌನದಲ್ಲಿ ಒಲವಿದೆ ಎನ್ನುವ ತಾಯಿ ತನ್ನ ಆಸೆಯನ್ನೇ ಮಗುವಿನಲ್ಲಿ ಕಾಣುತ್ತಾಳೆ, ಅಷ್ಟೆ, ಎನ್ನುವವರಿದ್ದಾರೆ. ಈ ಆಕ್ಷೇಪಕ್ಕೆ ಭಕ್ತಿಯಿಂದಲ್ಲ, ಸಾಕ್ಷ್ಯದಿಂದ ಉತ್ತರಿಸಬೇಕು. ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಅನ್ನು ವಿವರಿಸಿದ ಮೇಲೆ ಬಹುಕಾಲ ವೈದ್ಯಲೋಕವೇ ಅದಕ್ಕೆ ತಾಯಂದಿರೇ ಕಾರಣವೆಂದು ದೂರಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ ಪುಸ್ತಕ ಆ ದೂರಿಗೆ ಇನ್ನಷ್ಟು ಬಲ ಕೊಟ್ಟಿತು. ಆದರೆ ಆ ವಾದ ಸಾಕ್ಷ್ಯದ ಮುಂದೆ ನಿಲ್ಲಲಿಲ್ಲ. ತಾಯಿ ಕೋಣೆಯಿಂದ ಹೊರಗೆ ಹೋಗಿ ಮರಳಿದಾಗ ಈ ಮಕ್ಕಳೂ ಅಪರಿಚಿತರಿಗಿಂತ ಆಕೆಯ ಕಡೆಗೇ ಹೆಚ್ಚು ಸರಿಯುತ್ತಾರೆಂದು 1984ರ ಒಂದು ಅಧ್ಯಯನ ತೋರಿಸಿತು. ಸ್ವತಃ ಆಟಿಸಂ ಇರುವ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಇನ್ನೂ ಮುಂದೆ ಹೋದರು: ಒಬ್ಬರನ್ನೊಬ್ಬರು ಅರಿಯಲಾರದ ಕೊರತೆ ಎರಡೂ ಕಡೆಯದು ಎಂದರು. ಅಂದರೆ ಒಲವು ಇದೆ. ಅದರ ಗುರುತುಗಳು ಬೇರೆ.

ಅಧ್ಯಾತ್ಮ ಇಲ್ಲಿಂದ ಶುರುವಾಗುತ್ತದೆ. ನಾರದ ಭಕ್ತಿಸೂತ್ರಕ್ಕೆ ಪ್ರೇಮವೆಂದರೆ ಬಯಕೆಯಿಲ್ಲದ್ದು, ಪ್ರಿಯನ ಸುಖದಲ್ಲೇ ಸುಖ ಕಾಣುವಂಥದ್ದು. ಅದು ಎಣಿಸುವ ಹನ್ನೊಂದು ಆಸಕ್ತಿಗಳಲ್ಲಿ ವಾತ್ಸಲ್ಯವೂ ಒಂದು. ನಮ್ಮ ಸಾಮಾನ್ಯ ವಾತ್ಸಲ್ಯವೋ ಹರಕೆಯ ಜಾತಿಯದು. ಮಾರ್ಕು ಬರಲಿ, ಕೆಲಸ ಸಿಗಲಿ, ವೃದ್ಧಾಪ್ಯದಲ್ಲಿ ನೋಡಿಕೊಳ್ಳಲಿ ಎಂಬ ಲೆಕ್ಕ ಒಳಗೇ ನಡೆದಿರುತ್ತದೆ. ಠಾಣೆ, ಕಲ್ಯಾಣದ ಫ್ಲ್ಯಾಟುಗಳಲ್ಲಿ ಈ ಲೆಕ್ಕ ತುಸು ಜೋರೇ. ಆಟಿಸಂ ಇರುವ ಮಗು ಆ ಲೆಕ್ಕಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಪಕ್ಕದಲ್ಲಿ ಬಂದು ಸುಮ್ಮನೆ ಕೂರುವುದೇ ಅದರ ಪ್ರೀತಿಯಾಗಿರಬಹುದು. ಅದನ್ನು ಅದರ ರೀತಿಯಲ್ಲೇ ಸ್ವೀಕರಿಸಲು ಕಲಿತವರ ವಾತ್ಸಲ್ಯ ಸೂತ್ರ ಹೇಳುವ ಪ್ರೇಮಕ್ಕೆ ಸಮೀಪವಾಗುತ್ತದೆ.

ಹಾಗೆಂದು ಮಗುವನ್ನು ದೇವರೆನ್ನುವುದಾಗಲಿ, ಭಾಗವತದ ಜಡಭರತನಂತೆ ಮೌನದೊಳಗೆ ಅಡಗಿದ ಜ್ಞಾನಿ ಎನ್ನುವುದಾಗಲಿ ನನಗೆ ಒಪ್ಪಿಗೆಯಿಲ್ಲ. ಮೂರ್ತಿಯನ್ನು ತಪ್ಪಾಗಿ ಓದಿದರೆ ಮೂರ್ತಿಗೇನೂ ನಷ್ಟವಿಲ್ಲ. ಮಗುವಿಗೆ ಹಸಿವು, ಹಲ್ಲುನೋವು, ಹಟ ಎಲ್ಲವೂ ಇವೆ. ತಂದೆತಾಯಿಯ ಸಾಧನೆಗಾಗಿ ಅದು ಹುಟ್ಟಿಲ್ಲ. ಪ್ರಾರಬ್ಧವೆಂದು ನಿಟ್ಟುಸಿರಿಡುವ ನೆಂಟರ ಮಾತು ಇನ್ನೂ ಕ್ರೂರ, ಏಕೆಂದರೆ ಅದು ಬೆಟಲ್‌ಹೈಮ್‌ನ ದೂರನ್ನೇ ಹಿಂದಿನ ಜನ್ಮಕ್ಕೆ ವರ್ಗಾಯಿಸುತ್ತದೆ. ನಿಟ್ಟುಸಿರಿನ ಬದಲು ಹಿಡಿಯಬಹುದಾದ ದಾರಿಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ತನ್ನ ಪಟ್ಟಿಯಲ್ಲಿ ಹೆಸರಿಸಿದೆ. ಬೌದ್ಧಿಕ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಖಾರ್‌ಘರ್‌ನಲ್ಲೇ ಇದೆ. ಭಜನಾ ಮಂಡಳಿಗಳಿಗೂ ಇಲ್ಲಿ ಕೆಲಸವಿದೆ: ಮಂಗಳಾರತಿಯ ವಿದ್ಯುತ್ ನಗಾರಿಯನ್ನು ವಾರಕ್ಕೊಂದು ಹೊತ್ತು ನಿಲ್ಲಿಸಿದರೆ, ಆ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡುವ ಮಕ್ಕಳೂ ಗರ್ಭಗುಡಿಯವರೆಗೆ ಬಂದಾರು.