ಮಿತವೋ, ಅಲ್ಪವೋ?

ಮಾತಿನಲ್ಲಿ ಬಹಳ ಬಿಗಿಯಾಗಿರುವವರನ್ನು ಆಂಗ್ಲಭಾಷೆಯಲ್ಲಿ ‘ಲಕಾನಿಕ್’ ಎನ್ನುವರು. ಈ ಶಬ್ದದ ಮೂಲವು ಒಂದು ನಾಡಿನ ಹೆಸರು. ಗ್ರೀಸ್ ದೇಶದ ದಕ್ಷಿಣಭಾಗದಲ್ಲಿರುವ ಲಕೋನಿಯಾ ಪ್ರಾಂತಕ್ಕೆ ಸ್ಪಾರ್ಟಾ ಪ್ರಧಾನನಗರವಾಗಿತ್ತು. ಅಲ್ಲಿಯ ಜನರ ಚುಟುಕುಮಾತು ಪ್ರಸಿದ್ಧವಾದುದರಿಂದ ನಾಡಿನ ಹೆಸರೇ ಗುಣದ ಹೆಸರೂ ಆಯಿತು. ತಾನು ಲಕೋನಿಯವನ್ನು ಹೊಕ್ಕರೆ ಅವರನ್ನು ನಿರ್ಮೂಲಗೊಳಿಸುವೆನೆಂದು ಮ್ಯಾಸಿಡೋನಿಯದ ದೊರೆ ಎರಡನೆಯ ಫಿಲಿಪ್ಪನು ಬೆದರಿಸಿದಾಗ, ಸ್ಪಾರ್ಟಾದವರು ‘ಹೊಕ್ಕರೆ’ ಎಂದಷ್ಟೇ ಉತ್ತರವಿತ್ತರೆಂದು ಪ್ಲೂಟಾರ್ಕನು ಬರೆದಿರುವನು.

ಕೇಳಲು ಸೊಗಸಾದ ಕಥೆಯೇ ಸರಿ. ಆದರೆ ಕ್ರಿ.ಪೂ. 338ರಲ್ಲಿ ಫಿಲಿಪ್ಪನು ನಿಜವಾಗಿಯೂ ಬಂದು, ಸ್ಪಾರ್ಟಾ ನಗರವನ್ನು ಹಿಡಿಯದಿದ್ದರೂ, ಆ ನಾಡನ್ನು ಸೂರೆಗೈದನು. ಅಲ್ಲದೆ ತಮಗಾಗಿ ಹೊಲ ಉಳುತ್ತಿದ್ದ ಹೆಲಟ್ ಎಂಬ ಜೀತದ ಜನರನ್ನು ಆ ಮಿತವಚನದವರೇ ಕ್ರೂರವಾಗಿ ನಡೆಸಿಕೊಂಡರು. ನಾಲಿಗೆಯನ್ನು ಬಿಗಿಹಿಡಿದ ಮಾತ್ರಕ್ಕೆ ಅಂತಃಕರಣವು ಶುದ್ಧವಾಗದು.

ನಮ್ಮ ಹಿರಿಯರು ಬಳಸಿದ ಶಬ್ದ ‘ಮಿತಭಾಷಿ’. ಅಳತೆಯನ್ನು ಸೂಚಿಸುವ ‘ಮಾ’ ಧಾತುವಿನಿಂದ ಬಂದ ‘ಮಿತ’ ಶಬ್ದಕ್ಕೆ ‘ಅಳೆದದ್ದು’ ಎಂದರ್ಥ, ಅಲ್ಪವಾದುದೆಲ್ಲವೂ ಮಿತವಲ್ಲ. ಶ್ರೀಮದಾಚಾರ್ಯರು ಬ್ರಹ್ಮಸೂತ್ರಗಳ ತಾತ್ಪರ್ಯವನ್ನು ಅಣುಭಾಷ್ಯದ ಕೆಲವೇ ಶ್ಲೋಕಗಳಲ್ಲಿ ಅಡಗಿಸಿದರು. ಅವೇ ಸೂತ್ರಗಳಿಗೆ ವಿಸ್ತಾರವಾದ ಅನುವ್ಯಾಖ್ಯಾನವನ್ನೂ ರಚಿಸಿದರು. ಎರಡೂ ಮಿತವೇ, ಏಕೆಂದರೆ ಎರಡಕ್ಕೂ ಅಧಿಕಾರಿಯ ಅಗತ್ಯವೇ ಅಳತೆಗೋಲು. ಗೀತೆಯ 17ನೆಯ ಅಧ್ಯಾಯದಲ್ಲಿ ವಾಙ್ಮಯ ತಪಸ್ಸನ್ನು ಹೇಳುವಾಗ ಪರರಿಗೆ ಉದ್ವೇಗವನ್ನುಂಟುಮಾಡದಿರುವುದು, ಸತ್ಯ, ಪ್ರಿಯ, ಹಿತ ಹಾಗೂ ಸ್ವಾಧ್ಯಾಯಗಳನ್ನು ಎಣಿಸಿದೆ, ಚುಟುಕುತನವನ್ನು ಎಣಿಸಿಲ್ಲ. ಮೌನವಾದರೋ ಮುಂದಿನ ಶ್ಲೋಕದಲ್ಲಿ ಮನಸ್ಸಿನ ತಪಸ್ಸಾಗಿ ಬಂದಿದೆ. ಬಾಯಿ ಮುಚ್ಚಿ ಮನಸ್ಸಿನಲ್ಲಿ ಕುದಿಯುವವನಿಗೆ ಆ ಫಲವೆಲ್ಲಿಯದು?

ಊರು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿರುವ ನಾವು ಇದನ್ನು ವಿಶೇಷವಾಗಿ ಚಿಂತಿಸಬೇಕಾಗಿದೆ. ಹಿಂದೆ ಎಸ್.ಟಿ.ಡಿ. ಬೂತಿನಲ್ಲಿ ನಿಂತು, ಏರುವ ಮೊತ್ತವನ್ನು ನೋಡುತ್ತ, ಊರಿನ ತಂದೆತಾಯಿಗಳೊಡನೆ ಎರಡೇ ನಿಮಿಷ ಮಾತನಾಡುತ್ತಿದ್ದೆವು. ಆ ಎರಡು ನಿಮಿಷಗಳಲ್ಲಿ ಅಮ್ಮನ ಮಂಡಿನೋವು, ಅಂಗಳದ ತುಲಸಿ, ಹಸುವಿನ ಕರು ಎಲ್ಲವೂ ಬರುತ್ತಿದ್ದುವು. ಈಗ ಖರ್ಚಿನ ಭಯವಿಲ್ಲ, ಆದರೂ ‘ಊಟವಾಯಿತೇ?’ ಎಂದು ಅತ್ತಲಿಂದ ಕೇಳಿದರೆ ‘ಹೂಂ, ಆಮೇಲೆ ಮಾಡುತ್ತೇನೆ’ ಎಂದು ಮುಗಿಸುತ್ತೇವೆ. ಅದನ್ನು ಕೆಲಸದ ಒತ್ತಡವೆಂದೂ ಮಿತಭಾಷಿತ್ವವೆಂದೂ ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಮಕ್ಕಳು ನಮಗೂ ಅದೇ ‘ಹೂಂ’ ಹೇಳಿದಾಗ ಮಾತ್ರ ನೋಯುತ್ತೇವೆ.

ಹರಟೆಯಲ್ಲಿ, ಪರನಿಂದೆಯಲ್ಲಿ, ಕೋಪದಲ್ಲಿ ಒಂದು ಮಾತೂ ಹೆಚ್ಚು. ಕಾದು ಕುಳಿತ ವೃದ್ಧರ ಮುಂದೆ ನೂರು ಮಾತೂ ಮಿತವೇ. ಆಡುವ ಮುನ್ನ ಅಳೆಯೋಣ. ಆದರೆ ಅಳತೆಗೋಲು ನಮ್ಮ ಬಿಡುವಲ್ಲ, ಕೇಳುವವರ ಹಿತವೆಂಬುದನ್ನು ಮರೆಯದಿರೋಣ.