ಒಸಡಿನ ನೋವೂ ತಿತಿಕ್ಷೆಯೂ

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಹಲ್ಲಿನ ಕ್ಲಿನಿಕ್ಕುಗಳಿಗೆ ಕೊರತೆಯಿಲ್ಲ. ಕೆಂಗೇರಿ ದಾಟಿದರೆ ಕುಂಬಳಗೋಡಿನಲ್ಲಿ ದಂತವೈದ್ಯ ಕಾಲೇಜೇ ಇದೆ. ರಾತ್ರಿ ಬಿಚ್ಚಿ ನೀರಿನಲ್ಲಿಡುವ ಸೆಟ್ಟಿನ ಬದಲು ಬಾಯಲ್ಲೇ ಕೂರಿಸಿಬಿಡುವ ಹಲ್ಲುಗಳು, ಅಂದರೆ ಬ್ರಿಡ್ಜ್ ಇಲ್ಲವೇ ಇಂಪ್ಲಾಂಟ್, ಈಗ ಮಧ್ಯಮವರ್ಗದ ಮನೆಗಳಿಗೂ ಬಂದಿವೆ. ಜೊತೆಗೆ ಒಸಡಿನ ನೋವೂ ಬರುತ್ತದೆ. ಆಗ ದೈವಭಕ್ತ ಹಿರಿಯರ ಬಾಯಿಂದ ಹೊರಡುವ ಮಾತು ಒಂದೇ: ‘ಪ್ರಾರಬ್ಧ, ಅನುಭವಿಸಲೇಬೇಕು.’ ಈ ಮಾತಿನ ಹಿಂದಿನ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಶಾಸ್ತ್ರಗಳು ಹೇಳುವ ಸಹನೆಗೂ, ಕಳೆದುಕೊಳ್ಳಬಹುದಾದ ನೋವನ್ನು ಮನೆಯವರಿಂದ ಮುಚ್ಚಿಟ್ಟುಕೊಳ್ಳುವುದಕ್ಕೂ ಸಂಬಂಧವಿಲ್ಲ ಎಂಬುದು ನನ್ನ ವಾದ.

ಮೊದಲು ನೋವನ್ನೇ ನೋಡೋಣ. ಬ್ರಿಡ್ಜ್ ಕೂರಿಸಲು ಅಕ್ಕಪಕ್ಕದ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಿರುತ್ತಾರೆ, ಅಳತೆ ತೆಗೆಯುವಾಗ ಒಸಡನ್ನು ಸರಿಸಿರುತ್ತಾರೆ. ಇಂಪ್ಲಾಂಟ್ ಆದರೆ ಟೈಟೇನಿಯಂ ತಿರುಪನ್ನು ದವಡೆಯ ಮೂಳೆಗೇ ಇಳಿಸಿರುತ್ತಾರೆ. ಇಷ್ಟಾದ ಮೇಲೆ ಕೆಲವು ದಿನ ಒಸಡು ನೊಂದರೆ ಅದು ಮಾಯುವ ನೋವು. ಉಗುರುಬೆಚ್ಚಗಿನ ಉಪ್ಪುನೀರು, ಮೃದುವಾದ ಬ್ರಷ್ಷು, ಗಂಜಿ, ಮೆತ್ತಗಿನ ಅನ್ನ, ಅಗಿಯದೆ ನುಂಗುವ ರಾಗಿಮುದ್ದೆ: ಇವುಗಳ ಆಸರೆಯಲ್ಲಿ ಅದು ದಿನೇ ದಿನೇ ಇಳಿಯಬೇಕು. ಇಳಿಯದ ನೋವಿನ ಕಾರಣಗಳೇ ಬೇರೆ. ಅಂಟಿಸುವ ಸಿಮೆಂಟಿನ ಚೂರು ಒಸಡಿನೊಳಗೆ ಉಳಿದಿರಬಹುದು, ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾಗಿ ಪ್ರತಿ ತುತ್ತಿನ ಭಾರವೂ ಅದರ ಮೇಲೇ ಬೀಳುತ್ತಿರಬಹುದು, ಬ್ರಿಡ್ಜಿನ ಅಡಿ ಅನ್ನ ಸಿಕ್ಕಿ ಕೊಳೆಯುತ್ತಿರಬಹುದು. ವಾರ ಕಳೆದರೂ ಏರುವ ನೋವು, ಊತ, ಕೀವು, ಮುಟ್ಟಿದರೆ ರಕ್ತ, ಇವು ಯಾವ ಸಹನೆಯಿಂದಲೂ ಹೋಗುವಂಥವಲ್ಲ. ಬಿಚ್ಚಿಡುವ ಸೆಟ್ಟಾದರೆ ಒಂದು ರಾತ್ರಿ ತೆಗೆದು ಒಸಡಿಗೆ ಬಿಡುವು ಕೊಡಬಹುದಿತ್ತು. ಕೂರಿಸಿದ ಹಲ್ಲಿನಲ್ಲಿ ಆ ದಾರಿಯೂ ಇಲ್ಲ, ವೈದ್ಯರ ಕೈಯೇ ಬೇಕು.

ತಿತಿಕ್ಷೆಗೆ, ಅಂದರೆ ಸಹನೆಗೆ, ಎಲ್ಲರೂ ಆಧಾರವಾಗಿ ಹಿಡಿಯುವುದು ಗೀತೆಯ ಎರಡನೆಯ ಅಧ್ಯಾಯವನ್ನು. ಅಲ್ಲಿ ಕೃಷ್ಣ ಸಹಿಸು ಎನ್ನುವುದು ಶೀತೋಷ್ಣಗಳಂತೆ ಬಂದು ಹೋಗುವ ಅನುಭವಗಳನ್ನು. ಮಾಯುವ ಒಸಡಿನ ನೋವು ಆ ಜಾತಿಗೆ ಸೇರಿದ್ದು, ಅದಕ್ಕೆ ಗೀತೆಯ ಮಾತು ಪೂರ್ತಿ ಸಲ್ಲುತ್ತದೆ. ಬಂದು, ಹೋಗದೆ, ಬೇರೂರುವ ಸೋಂಕಿಗೆ ಅದನ್ನು ಅನ್ವಯಿಸುವುದು ಶ್ಲೋಕವನ್ನು ಅರ್ಧ ಓದಿದಂತೆ. ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಬದಿಗೆ ಸರಿಸಲಾಗದು. ಶಂಕರರ ಹೆಸರಿನಲ್ಲಿರುವ ವಿವೇಕಚೂಡಾಮಣಿಯು ತಿತಿಕ್ಷೆಯನ್ನು ವಿವರಿಸುವಾಗ ಪ್ರತೀಕಾರಕ್ಕೆ, ಅಂದರೆ ಪರಿಹಾರಕ್ಕೆ, ಹೊರಡದೆ, ಚಿಂತೆ ಗೋಳಾಟಗಳಿಲ್ಲದೆ ದುಃಖವನ್ನು ಸಹಿಸುವುದು ಎನ್ನುತ್ತದೆ. ಹಾಗಾದರೆ ವೈದ್ಯರ ಬಳಿಗೆ ಓಡುವುದು ಸೋಲಲ್ಲವೇ? ಆ ಲಕ್ಷಣ ಹೇಳಿರುವುದು ಎಲ್ಲವನ್ನೂ ಬಿಟ್ಟು ಮೋಕ್ಷವೊಂದನ್ನೇ ಅರಸುವ ಸಾಧಕನಿಗೆ. ಅವನಿಗೂ ಅಲ್ಲಿ ಎರಡು ಷರತ್ತುಗಳಿವೆ. ನೋವನ್ನು ಬಾಯಿಬಿಟ್ಟು ಹೇಳದೆ, ನಾಲಿಗೆಯನ್ನು ಮತ್ತೆ ಮತ್ತೆ ಅಲ್ಲಿಗೇ ಒಯ್ದು, ಊಟದ ಹೊತ್ತಿಗೆ ಅಂಜಿ, ಸಿಡುಕುತ್ತಾ ಕೂರುವ ಗೃಹಸ್ಥ ಮೊದಲನೆಯದನ್ನು ಪಾಲಿಸಿ ಎರಡನೆಯದರಲ್ಲಿ ಪೂರ್ತಿ ಜಾರಿರುತ್ತಾನೆ.

ದೇಹವನ್ನು ದಂಡಿಸುವುದರಲ್ಲಿ ಜೈನರಷ್ಟು ಮುಂದೆ ಹೋದವರು ಕಡಿಮೆ. ದಿಗಂಬರ ಮುನಿಯ 28 ಮೂಲಗುಣಗಳಲ್ಲಿ ಹಲ್ಲುಜ್ಜದಿರುವುದೂ ಒಂದು. ಆದರೆ ಅದು ಮುನಿಯ ವ್ರತ, ಗೃಹಸ್ಥನಾದ ಶ್ರಾವಕನದಲ್ಲ. ಶ್ರವಣಬೆಳಗೊಳದ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಸಲ್ಲೇಖನಕ್ಕೂ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಎಲ್ಲೆ ಹಾಕಿದೆ: ಬರವಾಗಲಿ ಮುಪ್ಪಾಗಲಿ ರೋಗವಾಗಲಿ, ಪರಿಹಾರವೇ ಇಲ್ಲದ್ದಾಗಿರಬೇಕು. ದೇಹವನ್ನೇ ಬಿಡುವ ವ್ರತಕ್ಕೆ ಇಷ್ಟು ವಿಚಾರಣೆ ಬೇಕೆಂದಾದರೆ, ಅರ್ಧ ಗಂಟೆಯಲ್ಲಿ ಉಜ್ಜಿ ಸರಿಪಡಿಸಬಹುದಾದ ಹಲ್ಲಿನ ನೋವನ್ನು ವಿಚಾರಿಸದೆ ಅನುಭವಿಸುವುದನ್ನು ಯಾವ ಧರ್ಮದ ಲೆಕ್ಕಕ್ಕೆ ಬರೆಯುವುದು?

ಕರ್ಮದ ಮಾತಿಗೆ ಚರಕಸಂಹಿತೆಯ ವಿಮಾನಸ್ಥಾನವೇ ಉತ್ತರ ಕೊಟ್ಟಿದೆ. ಆಯುಸ್ಸು ದೈವ ಮತ್ತು ಪುರುಷಕಾರ (ಮನುಷ್ಯಪ್ರಯತ್ನ) ಎರಡನ್ನೂ ಅವಲಂಬಿಸಿದೆ, ಬಲವಾದದ್ದು ದುರ್ಬಲವಾದದ್ದನ್ನು ಮೀರುತ್ತದೆ ಎಂಬುದು ಅದರ ನಿಲುವು. ಪುರುಷಕಾರಕ್ಕೆ ಜಾಗವೇ ಇಲ್ಲವೆಂದರೆ ಚಿಕಿತ್ಸಾಶಾಸ್ತ್ರ ಹುಟ್ಟುತ್ತಲೇ ಇರಲಿಲ್ಲ. ಇನ್ನು ಕೆಲವರು ಕೇಳುತ್ತಾರೆ, ಎಪ್ಪತ್ತರಲ್ಲಿ ಹಲ್ಲು ಕಟ್ಟಿಸುವುದೇ ದೇಹಮೋಹವಲ್ಲವೇ, ಆ ಮೋಹಕ್ಕೆ ತಕ್ಕ ನೋವು ಇದಲ್ಲವೇ ಎಂದು. ಭಜಗೋವಿಂದ ಸ್ತೋತ್ರದ ಬೊಚ್ಚುಬಾಯಿಯ ಮುದುಕ ಅವರ ಕಣ್ಣೆದುರಿಗಿರುತ್ತಾನೆ. ಆದರೆ ಆ ಮುದುಕನಿಗೆ ಹಲ್ಲು ಹೋಗಿದೆ, ಆಸೆ ಹೋಗಿಲ್ಲ; ಸ್ತೋತ್ರದ ಬೇಸರವಿರುವುದು ಅದಕ್ಕೇ. ಹಲ್ಲು ಬಿದ್ದದ್ದರಿಂದ ವೈರಾಗ್ಯ ಬರಲಿಲ್ಲವೆಂದ ಮೇಲೆ ಹಲ್ಲು ಬಂದದ್ದರಿಂದ ಅದು ಹೋಗುವುದೂ ಇಲ್ಲ. ಅಗಿದು ಉಣ್ಣುವುದು ದೇಹದ ನ್ಯಾಯವಾದ ಅಗತ್ಯ.

ಆಚರಣೆಯ ಅಡ್ಡಿಗಳಿಗೂ ಗ್ರಂಥಗಳಲ್ಲೇ ದಾರಿಯಿದೆ. ಏಕಾದಶಿಯ ದಿನ ಮಾತ್ರೆ ನುಂಗಿದರೆ ಉಪವಾಸ ಕೆಟ್ಟಿತೆಂದು ಅಳುಕುವವರಿದ್ದಾರೆ. ಮಹಾಭಾರತದ ಉದ್ಯೋಗಪರ್ವ ವ್ರತವನ್ನು ಮುರಿಯದ ಎಂಟರಲ್ಲಿ ಔಷಧವನ್ನೂ ಎಣಿಸಿದೆ. ಹೊಸ ಹಲ್ಲಿನಿಂದ ತಕಾರ, ಸಕಾರ ತೊದಲಿ ಮಂತ್ರ ಅಪಭ್ರಂಶವಾಗುತ್ತದೆಂದು ಕೊರಗುವವರಿಗೆ ಮನುಸ್ಮೃತಿ ನೆರವಾಗುತ್ತದೆ. ಗಟ್ಟಿಯಾಗಿ ಹೇಳುವ ಜಪಕ್ಕಿಂತ ಮಾನಸ ಜಪವನ್ನು ಅದು ಬಹಳ ಮೇಲೆ ಇಡುತ್ತದೆ. ನಾಲಿಗೆ ಹೊಸ ಹಲ್ಲಿಗೆ ಹೊಂದುವವರೆಗೆ ಜಪ ಮನಸ್ಸಿನಲ್ಲಿ ನಡೆಯಲಿ. ನೋವು ನಿಂತಿತೆಂದು ವೈದ್ಯರ ಭೇಟಿಯನ್ನು ಮಾತ್ರ ಬಿಡಬಾರದು. ಇಂಪ್ಲಾಂಟಿನ ಸುತ್ತ ಮೂಳೆ ಸವೆಸುವ ಸೋಂಕು ಎಷ್ಟೋ ಸಲ ನೋವೇ ಕೊಡದೆ ಬೆಳೆಯುತ್ತದೆ, ಮಧುಮೇಹ ಇರುವವರಲ್ಲಿ ಅದರ ಅಪಾಯ ಇನ್ನೂ ಹೆಚ್ಚು.