ಇಂದಿನ ಚಿಂತನೆ: ಕಣ್ಣಿನ ಕೆಳಗಿನ ಊತ



ಕಣ್ಣಿನ ಕೆಳಗಿನ ಊತಕ್ಕೆ ನಾನು ಸೀರಮ್ ಹಚ್ಚುತ್ತೇನೆ. ಧಮ್ಮದ ದಾರಿಯಲ್ಲಿ ಇರುವವರಿಗೆ ಇದು ಸರಿಯೇ?

1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳಿಗೆ, ಅಸ್ಪೃಶ್ಯತೆಯ ಗುರುತಾದ ಉಡುಗೆ-ಒಡವೆ ಬಿಟ್ಟು ಶುಚಿಯಾಗಿರಲು ಹೇಳಿದರು. ಅಚ್ಚುಕಟ್ಟಾಗಿ ಕಾಣುವುದು ನಮಗೆ ಬರೀ ಶೋಕಿಯಲ್ಲ, ಸ್ವಾಭಿಮಾನ.

ಆದರೆ ಸೀರಮ್‌ನಲ್ಲಿರುವ ಕೆಫೀನ್ ರಕ್ತನಾಳಗಳನ್ನು ಕುಗ್ಗಿಸಿ ಸ್ವಲ್ಪ ಹೊತ್ತು ಊತ ಇಳಿಸಬಹುದು, ಅಷ್ಟೇ. ವಯಸ್ಸಾದಂತೆ ಚರ್ಮ ಸಡಿಲಗೊಂಡು, ಕೊಬ್ಬು ಮುಂದೆ ಬಂದು ಮೂಡುವ ಉಬ್ಬು ಅದರಿಂದ ಹೋಗದು. ದೇಹ ಅನಿತ್ಯ.

ಭಗವಾನ್ ಬುದ್ಧರ ಪ್ರಕಾರ ಚೇತನೆಯೇ ಕರ್ಮ. ಅದೇ ಹನಿಯನ್ನು ಸ್ವಾಭಿಮಾನದಿಂದಲೂ ಹಚ್ಚಬಹುದು, ಮುಪ್ಪಿನ ನಾಚಿಕೆಯಿಂದಲೂ ಹಚ್ಚಬಹುದು.

ಕನ್ನಡಿ ಮುಂದೆ ಕೇಳಿಕೊಳ್ಳೋಣ: ಈ ಮುಖವನ್ನು ಜೋಪಾನ ಮಾಡುತ್ತಿದ್ದೇನೆಯೇ, ಬಚ್ಚಿಡುತ್ತಿದ್ದೇನೆಯೇ?

ಭವತು ಸಬ್ಬ ಮಂಗಲಂ 🌼